ಫೋಟೋದಲ್ಲಿದ್ದ ಮೂಗುಬಟ್ಟು

ಆಂಧ್ರದಲ್ಲಿ ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡಿಸುವ ಆರೋಗ್ಯಶ್ರೀ ಯೋಜನೆ ಬಂದ ಹೊಸತು. ಹಿಂದೂಪುರದ ಒಂದು ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ನೇಕಾರರ ಮನೆಯ ಅಕ್ಕ ಓಬಕ್ಕ, ತಂಗಿ ಸಂಜೀವಮ್ಮ ಕೂತಿದ್ದರು. ಇಬ್ಬರೂ ಅರವತ್ತು ದಾಟಿದವರು. ಓಬಕ್ಕನ ಕೈಯಲ್ಲಿ ಬಡವರಿಗೆ ಕೊಡುವ ಬಿಳಿ ರೇಷನ್ ಕಾರ್ಡಿತ್ತು.

“ಈ ಕಾರ್ಡಿದ್ರೆ ನನ್ ಗುಂಡಿಗೆ ಆಪರೇಷನ್ ಪುಕ್ಸಟ್ಟೆ ಅಂತೆ ಕಣೇ ಸಂಜೀವಿ. ವಯಸ್ಸಾದೋರ್ಗೂ ಮಾಡ್ತಾರಂತೆ.”

“ಮುಖ ನೋಡ್ತಾರಲ್ಲಕ್ಕ. ನಿನ್ ಕಾರ್ಡಿನ ಫೋಟೋದಾಗಿರೋಳು ನಾನು.”

“ಆವತ್ತು ಮಗ್ಗದಾಗೆ ಮದುವೆ ಸೀರೆ ಇತ್ತು, ಬಿಟ್ಟು ಏಳಂಗಿರ್ಲಿಲ್ಲ. ಇಬ್ರುದೂ ಒಂದೇ ಮುಖ ಅಂತ ಫೋಟೋಕ್ಕೆ ನಿನ್ನ ಕೂರಿಸ್ದೆ. ಅಕ್ಕಿ ಕೊಡೋನು ಇಷ್ಟು ವರ್ಸ ಕೇಳ್ಲಿಲ್ಲ.”

“ಇವ್ರು ಕೇಳ್ತಾರೆ.”

“ಹಂಗಾದ್ರೆ ನೀನೇ ಹೋಗಿ ಮುಖ ತೋರ್ಸು. ಆಪರೇಷನ್ ಹೊತ್ಗೆ ನಾನ್ ಬಂದು ಮಲಿಕಂತೀನಿ.”

“ಅಷ್ಟೊತ್ಗೆ ನನ್ನೇ ಕೊಯ್ದುಬುಟ್ರೆ?”

ಓಬಕ್ಕ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ಮೂಗುಬಟ್ಟೊಂದೇ ಕಣೇ ವ್ಯತ್ಯಾಸ. ಬಿಚ್ಕೊಡು.”

“ಅವ್ವ ನಂಗೆ ಕೊಟ್ಟಿದ್ದು.”

“ದೊಡ್ಡೋಳಿಗೆ ಬರ್ಬೇಕಾಗಿತ್ತು ಅಂತ ನಾನ್ ಯಾವತ್ತಾದ್ರೂ ಅಂದ್ನಾ?”

“ದಿನಾ ಅಂತೀಯ.”

ಒಳಗಿನಿಂದ ಓಬಕ್ಕನ ಹೆಸರು ಕೂಗಿದರು. ಸಂಜೀವಮ್ಮ ಮೂಗುಬಟ್ಟಿನ ತಿರುಪು ಬಿಚ್ಚಿ, ತಾನೇ ಅಕ್ಕನ ಮೂಗಿಗೆ ಹಾಕಿದಳು.

“ಆಪರೇಷನ್ ಆದೇಟ್ಗೆ ವಾಪಸ್ ಕೊಡ್ಬೇಕು.”

“ಆಮೇಲೂ ತಿಂಗ್ಳು ತಿಂಗ್ಳು ಚೆಕಪ್ಪಿಗೆ ಬರ್ಬೇಕಂತೆ ಕಣೇ. ಪ್ರತಿ ಸಲಾನೂ ಕಾರ್ಡ್ ನೋಡ್ತಾರಂತೆ.”

ಓಬಕ್ಕ ತಲೆಯೆತ್ತಿಕೊಂಡು ಒಳಗೆ ನಡೆದಳು. ಸಂಜೀವಮ್ಮ ಬರಿಮೂಗಿಗೆ ಸೆರಗು ಮುಚ್ಚಿಕೊಂಡು ಹಿಂದೆಯೇ ಹೋದಳು.