ಹಳದಿ ಚೀಟಿ ಬರೆದವನು ನಾನು

ಸಭೆಯ ಅಧ್ಯಕ್ಷರಾದ ನಮ್ಮ ಮಾಲೀಕರೇ, ಅವರ ಪಕ್ಕದಲ್ಲಿ ಕೂತಿರುವ ಮ್ಯಾನೇಜರ್ ಸಾಹೇಬರೇ, ಇವತ್ತು ನಾವು ಬೀಳ್ಕೊಡುತ್ತಿರುವ ಅಕ್ಕಾ, ಲಿಫ್ಟ್ ರಿಪೇರಿಯ ನನ್ನ ಗೆಳೆಯರೇ, ಸಭಿಕರೇ,

ಮೆಕ್ಯಾನಿಕ್‌ಗಳ ಪರವಾಗಿ ಎರಡು ಒಳ್ಳೆಯ ಮಾತಾಡು ಎಂದು ನನ್ನನ್ನು ವೇದಿಕೆ ಹತ್ತಿಸಿದ್ದೀರಿ. ಒಳ್ಳೆಯ ಮಾತು ನನಗೆ ಬರುವುದಿಲ್ಲ.

ಈಗಷ್ಟೇ ಮ್ಯಾನೇಜರ್ ಸಾಹೇಬರು ಕಂಪ್ಯೂಟರಿನ ವೈಟ್‌ಬೋರ್ಡನ್ನು ಹೊಗಳಿದರು. ಮೂರು ಊರಿನ ನಾವೆಲ್ಲ ಒಂದೇ ಹಲಗೆಯ ಮುಂದೆ ನಿಂತ ಹಾಗಾಗಿದೆ ಎಂದರು. ಸರಿ. ಒಂದೊಂದು ಲಿಫ್ಟಿಗೆ ಒಂದೊಂದು ಹಳದಿ ಚೀಟಿ. ಕೆಲಸ ಆದ ಮೇಲೆ ಚೀಟಿಯನ್ನು ‘ಮುಗಿದಿದೆ’ ಎಂಬ ಕಡೆಗೆ ಎಳೆಯಬೇಕು. ಎಳೆಯುವುದಕ್ಕೆ ಒಂದು ಬೆರಳು ಸಾಕು. ಬ್ರೇಕ್ ಬಿಚ್ಚಿ ನೋಡುವುದಕ್ಕೆ ಇಬ್ಬರು ಬೇಕು, ಅರ್ಧ ದಿನ ಬೇಕು. ಗಿರಾಕಿಗಳ ಮೀಟಿಂಗ್ ಹತ್ತಿರ ಬಂದಾಗ ಬೆರಳೇ ಗೆದ್ದಿತು. ಯಾರ ಬೆರಳು? ಹಲಗೆ ಅದನ್ನೂ ಬರೆದಿಟ್ಟುಕೊಳ್ಳುತ್ತದೆ ಸಾಹೇಬರೇ, ನಿಮಗೆ ಗೊತ್ತಿರಲಿಲ್ಲವೇ?

ಮೀಟಿಂಗಿನ ನಡುವೆ, ಗಿರಾಕಿಗಳ ಕಣ್ಣೆದುರೇ, ಹಲಗೆಯ ಮೇಲೆ ಹೊಸ ಚೀಟಿಯೊಂದು ಕಾಣಿಸಿತು: “ಹನ್ನೊಂದು ಲಿಫ್ಟ್‌ಗಳ ಬ್ರೇಕ್ ಯಾರೂ ನೋಡಿಲ್ಲ. ಮುಗಿದಿರುವುದು ಚೀಟಿ, ಕೆಲಸವಲ್ಲ.” ಕೆಳಗೆ ಅಕ್ಕನ ಹೆಸರಿತ್ತು. ಹತ್ತೊಂಬತ್ತು ವರ್ಷ ನಮಗೆ ಡ್ಯೂಟಿ ಹಂಚಿದ ಅಕ್ಕನಿಗೆ ಎಂಟೇ ದಿನದಲ್ಲಿ ಕೆಲಸ ಬಿಡುವ ‘ಸ್ವಂತ ಇಚ್ಛೆ’ ಹುಟ್ಟಿತು. ಎಂಥ ಇಚ್ಛೆ! ರಾಜೀನಾಮೆ ಪತ್ರ ಟೈಪ್ ಆದದ್ದು ಮ್ಯಾನೇಜರ್ ಕೋಣೆಯಲ್ಲಿ.

ಆ ಚೀಟಿ ಬರೆದವನು ನಾನು. ಮೆಕ್ಯಾನಿಕ್‌ಗಳಿಗೆ ಹಲಗೆಯನ್ನು ನೋಡುವ ಭಾಗ್ಯವಿದೆ, ಬರೆಯುವ ಭಾಗ್ಯವಿಲ್ಲ. ಅಕ್ಕ ಊಟಕ್ಕೆ ಎದ್ದಿದ್ದರು, ಅವರ ಕಂಪ್ಯೂಟರ್ ತೆರೆದಿತ್ತು. ಹೆಸರು ಅವರದು ಬೀಳುತ್ತದೆ ಎಂದು ನನಗೆ ಹೊಳೆಯಲಿಲ್ಲ. ಅದು ನನ್ನ ತಪ್ಪು.

ಮಾರನೆಯ ದಿನವೇ ಹೋಗಿ ಹೇಳಿದೆ. ಸಾಹೇಬರು ನಕ್ಕರು. “ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನೀನು. ಇಷ್ಟು ನೆಟ್ಟಗೆ ಬರೆಯೋಕೆ ಬರುತ್ತೇನೋ? ಅಕ್ಕನ್ನ ಉಳಿಸೋಕೆ ನಾಟಕ ಆಡಬೇಡ, ಹೋಗು.”

ಶಾಲೆ ಯಾಕೆ ಬಿಟ್ಟೆ ಗೊತ್ತೇ? ನಾನೇ ಬರೆದ ಪ್ರಬಂಧವನ್ನು ಮೇಷ್ಟ್ರು “ಯಾರ ಹತ್ತಿರ ಬರೆಸ್ಕೊಂಡು ಬಂದೆ?” ಎಂದು ಕಿಟಕಿಯಿಂದ ಎಸೆದರು. ಅದರ ಹಿಂದೆಯೇ ನಾನೂ ಹೊರಗೆ ಹೋದೆ, ಬಾಗಿಲಿನಿಂದ. ಅಮ್ಮ ಒಂದು ತಿಂಗಳು ನನ್ನ ಜತೆ ಮಾತು ಬಿಟ್ಟಳು. ಹೊರಟುಹೋದದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಈ ಸಲ ಮಾತ್ರ ಹೊರಡುವುದಿಲ್ಲ.

ಅಕ್ಕ ನನ್ನನ್ನು ಬೈಯಲೂ ಇಲ್ಲ. “ಬರೆದದ್ದು ಸುಳ್ಳಾ? ಅಲ್ಲ ತಾನೆ? ಮತ್ಯಾಕೋ ಅಳ್ತೀಯ, ತಮ್ಮಾ” ಎಂದರು. ನಾನು ಅಳುತ್ತಿರಲಿಲ್ಲ. ಕಣ್ಣಿಗೆ ಗ್ರೀಸ್ ತಾಗಿತ್ತು.

ಅಕ್ಕಾ, ಬೀಳ್ಕೊಡುಗೆ ಎಂದು ಅವರು ಕೊಡುವ ಆ ಗಡಿಯಾರ ಮುಟ್ಟಬೇಡಿ. ಮುಟ್ಟಿದರೆ ಆ ‘ಸ್ವಂತ ಇಚ್ಛೆ’ಯನ್ನು ಒಪ್ಪಿಕೊಂಡ ಹಾಗೆ.

ಮಾಲೀಕರೇ, ಈ ಸಭೆ ಆರನೇ ಮಹಡಿಯಲ್ಲಿದೆ. ಆ ಹನ್ನೊಂದರಲ್ಲಿ ಈ ಕಟ್ಟಡದ ಲಿಫ್ಟೂ ಒಂದು. ಮ್ಯಾನೇಜರ್ ಸಾಹೇಬರು ಅದರಲ್ಲಿ ಇಳಿದರೆ ನನ್ನನ್ನು ಕೆಲಸದಿಂದ ತೆಗೆಯಿರಿ. ಮೆಟ್ಟಿಲಿನಲ್ಲಿ ಇಳಿದರೆ ಸೋಮವಾರ ಅಕ್ಕನನ್ನು ಕೆಲಸಕ್ಕೆ ಕರೆಯಿರಿ.

ಮೈಕು ಕೊಟ್ಟದ್ದಕ್ಕೆ, ಇನ್ನೂ ಕಿತ್ತುಕೊಳ್ಳದೆ ಇರುವುದಕ್ಕೆ ಧನ್ಯವಾದ. ಸಭಿಕರೇ, ನೀವೆಲ್ಲ ದಯವಿಟ್ಟು ಮೆಟ್ಟಿಲಿನಲ್ಲೇ ಇಳಿಯಿರಿ. ನಮಸ್ಕಾರ.