ದಾರಿ ಅಳೆದ ಲಾಯರಮ್ಮ

"ಅಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ? ನಾನ್ ಹೇಳಿದ ದೊಡ್ಡ ಲಾಯರ್ನ ಬಿಟ್ಟು, ಈ ಗಲ್ಲಿ ಲಾಯರಮ್ಮನ್ನ ನಂಬ್ಕೊಂಡು ಕೇಸ್ ಗೆಲ್ತೀಯಾ?"

ತಮ್ಮನ ಕೂಗಿಗೆ ಯಲಹಂಕದ ಆ ಲಾಯರಮ್ಮನ ಕಚೇರಿಯ ಬೆಂಚಿನಲ್ಲಿ ಕಾದಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಪಕ್ಕದ ಸೈಟಿನವನು ಗೋಡೆ ಎಬ್ಬಿಸಿ ಗಂಗಹನುಮಕ್ಕನ ಮನೆಯ ದಾರಿಯನ್ನೇ ಮುಚ್ಚಿದ್ದ.

"ನಿನ್ ದೊಡ್ಡ ಲಾಯರು ನಮ್ ದಾರಿ ನೋಡಿದ್ನೇನೋ?"

"ಅವ್ರ್ಯಾಕೆ ಬರ್ತಾರೆ? ಖಾಲಿ ಹಾಳೆಗೆ ಸೈನ್ ಹಾಕು, ಮಿಕ್ಕಿದ್ದು ಅವ್ರು ನೋಡ್ಕೋತಾರೆ."

"ಈ ಹುಡ್ಗಿ ಬಂದ್ಲು ಕಣೋ. ಟೇಪ್ ಹಿಡ್ದು ಅಳೆದ್ಲು. ಬರ್ದಿದ್ದನ್ನ ಕನ್ನಡದಲ್ಲಿ ಓದಿ, ತಪ್ಪಿದ್ರೆ ಹೇಳಿ ಅಂದ್ಲು. ಎರಡ್ ಕಡೆ ತಿದ್ದಿಸ್ದೆ!"

"ನೀನು? ಲಾಯರಿಗೆ?"

"ನಾನೇ! ನನ್ ದಾರಿ ನನಗಿಂತ ಯಾವನಿಗ್ ಗೊತ್ತು?"

"ಸೋತ್ರೆ ನನ್ ಬಾಗಿಲಿಗೆ ಬರ್ಬೇಡ."

ಚಪ್ಪಲಿ ಮೆಟ್ಟಿಕೊಂಡು ದಡದಡನೆ ಮೆಟ್ಟಿಲಿಳಿದ ತಮ್ಮ ತಿರುಗಿ ಬರಲಿಲ್ಲ. ಒಳಗಿಂದ ಹೆಸರು ಕೂಗಿದಾಗ ಗಂಗಹನುಮಕ್ಕ ಸೆರಗು ಕೊಡವಿ ಎದ್ದು, ಲಾಯರಮ್ಮನಿಗೆ ಕೇಸು ಒಪ್ಪಿಸುವ ವಕಾಲತ್ತಿಗೆ ಸಹಿ ಹಾಕಲು ಒಳಗೆ ನಡೆದಳು.