ಸುಣ್ಣದ ಗೆರೆಯ ಜಪಾನಿ ಮನೆ

ಅಧ್ಯಕ್ಷತೆ ವಹಿಸಿರುವ ಈ ಚಿತ್ರಶಾಲೆಯ ಒಡತಿಯವರೇ, ವೇದಿಕೆಯ ಮೇಲಿರುವ ಗಣ್ಯರೇ, ನನಗಿಂತ ಮೊದಲು ಮಾತಾಡಿ ನನಗೆಂದು ಒಂದು ಒಳ್ಳೆಯ ಮಾತನ್ನೂ ಉಳಿಸದ ಇಬ್ಬರು ಅತಿಥಿಗಳೇ, ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನನ್ನ ಮಗಳೇ, ಹಾಗೂ ಆತ್ಮೀಯ ಸಭಿಕರೇ,

ನಾನು ಮನೆ ಕಟ್ಟುವ ಮೇಸ್ತ್ರಿ. ಯಾವ ಕಟ್ಟಡದೊಳಗೆ ಹೋದರೂ ನನ್ನ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಈ ಸಭಾಂಗಣದ ಎಡಗಡೆಯ ತೊಲೆ ಒಂದಿಷ್ಟು ಬಗ್ಗಿದೆ. ಹೆದರಬೇಡಿ, ನನ್ನ ಭಾಷಣ ಮುಗಿಯುವವರೆಗೆ ಧಾರಾಳವಾಗಿ ನಿಲ್ಲುತ್ತದೆ. ವಂದನಾರ್ಪಣೆಯ ಬಗ್ಗೆ ಮಾತ್ರ ನಾನು ಭರವಸೆ ಕೊಡಲಾರೆ.

ನಿಮ್ಮ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದು ಸನ್ಮಾನ ಮಾಡಿದ್ದೀರಿ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದೀರಿ. 'ಮೇಸ್ತ್ರಿ, ನೀವು ಕಾಯಂ ಆಗಿ ನಮ್ಮಲ್ಲೇ ಕೆಲಸಕ್ಕೆ ಇದ್ದುಬಿಡಿ' ಎಂದು ಒಡತಿಯವರು ತಿಂಗಳಿಂದ ಹೇಳುತ್ತಿದ್ದಾರೆ. ಉತ್ತರವನ್ನು ಇವತ್ತು ಈ ವೇದಿಕೆಯ ಮೇಲೆ ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ, ಆಗುವುದಿಲ್ಲ ಎನ್ನಲೆಂದೇ ಮನೆಯಿಂದ ಹೊರಟೆ. ಯಾಕೆ ಎಂದು ಕೇಳುತ್ತೀರಾ? ವಯಸ್ಸಾಯಿತು ಎಂದು ಹೇಳುವ ಯೋಚನೆ ಇತ್ತು. ಮೊಣಕಾಲು ನೋಯುತ್ತದೆ ಎನ್ನುವುದೂ ಸುಳ್ಳಲ್ಲ. ಆದರೆ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸಕ್ಕೆ ಮೊಣಕಾಲು ಯಾಕೆ ಬೇಕು ಎಂದು ನೀವು ಕೇಳಿದರೆ ನನ್ನ ನೆಪ ಅಲ್ಲಿಗೇ ಮುಗಿಯಿತು. ಆದ್ದರಿಂದ ನಡೆದದ್ದನ್ನೇ ಹೇಳಿಬಿಡುತ್ತೇನೆ.

ಈ ಚಿತ್ರಶಾಲೆಯಲ್ಲಿ ಏನು ಮಾಡುತ್ತಾರೆ ಎಂದು ಸಭೆಗೆ ಬಂದ ಹಿರಿಯರಿಗೆ ಗೊತ್ತಿರಲಿಕ್ಕಿಲ್ಲ. ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಜಪಾನಿನವರು ಓಡುವ, ನಗುವ, ಅಳುವ ಚಿತ್ರಗಳನ್ನು ಮಾಡುತ್ತಾರಲ್ಲ, ಆ ಚಿತ್ರದೊಳಗಿನ ಜನ ಓಡಾಡುವ ಮನೆ, ಬೀದಿ, ಅಂಗಡಿ, ಆಕಾಶ, ಇವನ್ನೆಲ್ಲ ಇಲ್ಲಿ ಕೂತು ಬಿಡಿಸಿ ಕಳಿಸುತ್ತಾರೆ. ಅದಕ್ಕೆ ಹಿನ್ನೆಲೆ ಚಿತ್ರ ಎಂದು ಹೆಸರು. ನಾನು ನನ್ನ ಮಗಳನ್ನು ಕೇಳಿದ್ದೆ, "ಅಲ್ಲ ಗುಬ್ಬೀ, ನೀನು ಬಿಡಿಸೋ ಮನೇಲಿ ಒಬ್ರೂ ಇಲ್ವಲ್ಲ, ಎಲ್ಲಾ ಎಲ್ಲಿಗೆ ಹೋದ್ರು?" ಎಂದು. "ಅವರನ್ನ ಬೇರೆಯವರು ಬಿಡಿಸ್ತಾರಪ್ಪ" ಎಂದಳು. ಜನರಿಲ್ಲದ ಮನೆಗೆ ಸಂಬಳ ಕೊಡುತ್ತಾರಲ್ಲ ಎಂದು ನನಗೆ ನಗು ಬಂದಿತ್ತು. ನಕ್ಕೂ ಬಿಟ್ಟೆ. ಅವಳು ಎದ್ದು ಒಳಗೆ ಹೋದಳು.

ಸಭಿಕರೇ, ಅವಳು ಕಟ್ಟಡದ ಎಂಜಿನಿಯರ್ ಆಗಬೇಕೆಂದು ನಾನು ಕಾಲೇಜಿಗೆ ಸೇರಿಸಿದ್ದೆ. ಒಂದು ವರ್ಷಕ್ಕೆ ಬಿಟ್ಟು ಬಂದಳು. ಆಮೇಲೆ ನಮ್ಮಿಬ್ಬರ ಮಾತು ಹೆಚ್ಚಾಗಿ ನನ್ನಾಕೆಯ ಮೂಲಕವೇ. 'ಅಪ್ಪನಿಗೆ ಹೇಳಮ್ಮ', 'ನಿನ್ನ ಮಗಳಿಗೆ ಹೇಳು'. ನಾಲ್ಕು ವರ್ಷದ ಹಿಂದೆ ನನ್ನಾಕೆ ತೀರಿಕೊಂಡಳು. ಆ ಮೇಲೆ ಮನೆಯಲ್ಲಿ ಉಳಿದದ್ದು "ಊಟ ಆಯ್ತಾ?", "ಆಯ್ತು", ಅಷ್ಟೇ. ಇರಲಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ.

ಹೋದ ವರ್ಷ ಇವರಿಗೊಂದು ದೊಡ್ಡ ಕೆಲಸ ಬಂತು. ಒಂದು ಹಳೆಯ ಮರದ ಮನೆ, ಅದರಲ್ಲಿ ಅಜ್ಜಿ, ತಾಯಿ, ಹತ್ತು ವರ್ಷದ ಹುಡುಗಿ. ಕಥೆಯೆಲ್ಲ ಆ ಮನೆಯೊಳಗೇ ನಡೆಯುತ್ತದೆ. ಮನೆಯ ಪೂರ್ತಿ ವಿನ್ಯಾಸ ಇವರೇ ಮಾಡಬೇಕು. ಹಾಗೆ ನೋಡಿದರೆ ಈ ಚಿತ್ರಶಾಲೆಗೆ ಅದು ಮೊದಲ ಸಲ. ಅಲ್ಲಿಯವರೆಗೆ ಬೇರೆಯವರು ಗೆರೆ ಹಾಕಿದ್ದಕ್ಕೆ ಇವರು ಬಣ್ಣ ಹಚ್ಚುತ್ತಿದ್ದರು. ನನ್ನ ಮಗಳು ಮುಖ್ಯಸ್ಥೆ. ಒಬ್ಬೊಬ್ಬರಿಗೆ ಒಂದೊಂದು ಕೋಣೆ ಹಂಚಿದಳು. ಎಷ್ಟು ಚೆಂದ ಬಿಡಿಸಿದ್ದರು ಅಂತೀರಿ! ಚಪ್ಪಲಿ ಬಿಡುವ ಜಾಗದ ಮೆಟ್ಟಿಲು ಸವೆದು ಹೊಳೆಯುತ್ತಿತ್ತು. ಪಕ್ಕಕ್ಕೆ ಸರಿಸುವ ಕಾಗದದ ಬಾಗಿಲಿನಲ್ಲಿ ಮಗು ಬೆರಳು ತೂರಿಸಿದ ತೂತೂ ಇತ್ತು.

ಎಲ್ಲವನ್ನೂ ಕಳಿಸಿದರು. ಒಂದು ವಾರಕ್ಕೆ ಜಪಾನಿನ ನಿರ್ದೇಶಕರಿಂದ ಉತ್ತರ ಬಂತು. ಇಲ್ಲಿಯ ಭಾಷಾಂತರದ ಮೇಡಂ ಓದಿ ಹೇಳಿದರಂತೆ. ಎರಡೇ ಸಾಲು. 'ಕೋಣೆಗಳು ತುಂಬಾ ಚೆನ್ನಾಗಿವೆ. ಮನೆ ಎಲ್ಲಿದೆ?'

ಏನಾಗಿತ್ತು ಗೊತ್ತೇ? ಆರು ಜನ ಆರು ಕೋಣೆ ಬಿಡಿಸಿದ್ದರಲ್ಲ, ತಂತಮ್ಮ ಚಿತ್ರ ಚೆನ್ನಾಗಿ ಕಾಣಲಿ ಎಂದು ಒಬ್ಬೊಬ್ಬರೂ ತಮ್ಮ ಕೋಣೆಯನ್ನು ಎರಡು ಮೂರು ಅಡಿ ಹಿಗ್ಗಿಸಿದ್ದರು. ಹೊರಗಿನಿಂದ ನೋಡಿದರೆ ಮನೆ ಮೂವತ್ತಡಿ. ಒಳಗಿನ ಕೋಣೆಗಳನ್ನು ಕೂಡಿಸಿದರೆ ನಲವತ್ತೊಂದು! ಮೆಟ್ಟಿಲು ಹತ್ತಿದ ಹುಡುಗಿ ಮಹಡಿಗೆ ಹೋಗುವುದಿಲ್ಲ, ನೆಟ್ಟಗೆ ಪಕ್ಕದ ಮನೆಯವರ ಸೂರಿನ ಮೇಲೆ ಇಳಿಯುತ್ತಾಳೆ. ಸರಿಪಡಿಸಲು ಹತ್ತು ದಿನ ಕೊಟ್ಟರು. ಆಗದಿದ್ದರೆ ಕೆಲಸ ವಾಪಸ್ಸು, ಮತ್ತೆ ಬೇರೆಯವರ ಗೆರೆಗೆ ಬಣ್ಣ.

ಅವತ್ತು ಸಂಜೆ ಮಗಳು ಊಟದ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು ಕೂತಿದ್ದಳು. ನಾನು ಹಿಂದೆ ನಿಂತು ನೋಡಿದೆ. ಬಾಯಿ ತಡೆಯಲಿಲ್ಲ. "ಇದನ್ನ ಕಾಗದದ ಮೇಲೆ ನೋಡಿದ್ರೆ ಆಗಲ್ಲ. ನಡೆದು ನೋಡ್ಬೇಕು" ಎಂದೆ.

"ಎಲ್ಲಿ ನಡೀಲಿ?"

"ನಿಮ್ಮ ಆಫೀಸಿನ ಮುಂದೆ ಅಂಗಳ ಇದ್ಯಲ್ಲ. ಗಾಡಿಗಳನ್ನ ತೆಗೆಸು."

ನಮ್ಮ ಕಸುಬಿನಲ್ಲಿ ಪಾಯ ತೋಡುವ ಮೊದಲು ನೆಲದ ಮೇಲೆ ದಾರ ಎಳೆದು ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ಗೆರೆ ಹಾಕುತ್ತೇವೆ. ಹಾಕಿದ ಮೇಲೆ ನಾನು ಮನೆಯವರನ್ನೆಲ್ಲ ಅದರೊಳಗೆ ನಡೆಸುತ್ತಿದ್ದೆ. ಬಾಗಿಲಿನಿಂದ ಬನ್ನಿ, ಚಪ್ಪಲಿ ಬಿಡಿ, ಕೈ ತೊಳೆಯಿರಿ, ಮಲಗಿ. ಗೋಡೆ ದಾಟಿದವರಿಗೆ ಬೈಗುಳ. ಅದನ್ನೇ ಇಲ್ಲೂ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಸುಣ್ಣದ ಡಬ್ಬ ಹಿಡಿದು ಬಂದೆ. ಜಪಾನಿನಲ್ಲಿ ಕೋಣೆಯನ್ನು ಚಾಪೆಯಲ್ಲಿ ಅಳೆಯುತ್ತಾರಂತೆ. ಒಂದು ಚಾಪೆ ಹೆಚ್ಚುಕಡಿಮೆ ಮೂರಡಿಗೆ ಆರಡಿ. ಎಂಟು ಚಾಪೆಯ ಕೋಣೆ ಎಂದರೆ ಹನ್ನೆರಡಡಿ ಚೌಕ. ಎಂಥ ಚೆಂದದ ಲೆಕ್ಕ ನೋಡಿ, ಮನುಷ್ಯ ಮಲಗಿದರೆ ಹಿಡಿಸುವ ಜಾಗವೇ ಅಳತೆಗೋಲು! ಮುಂಬಾಗಿಲಿಗೆ ಆರಡಿ, ಎಂಟು ಚಾಪೆಯ ಕೋಣೆಗೆ ಹನ್ನೆರಡು, ಒಳಗೆ ಓಡಾಡುವ ಓಣಿಗೆ ಮೂರು, ಅಡುಗೆಮನೆಗೆ ಒಂಬತ್ತು. ಸರಿಯಾಗಿ ಮೂವತ್ತು. ಎದೆಯುಬ್ಬಿಸಿ ಗೆರೆ ಹಾಕಿದೆ. ಅಳೆದರೆ ಮೂವತ್ಮೂರು ಅಡಿ ಒಂಬತ್ತು ಇಂಚು.

ಇನ್ನೊಮ್ಮೆ ಹಾಕಿದೆ. ಮತ್ತೆ ಅಷ್ಟೇ. ಹನ್ನೊಂದು ಜನ ಚಿತ್ರಕಾರರು ಸುತ್ತ ನಿಂತು ನೋಡುತ್ತಿದ್ದಾರೆ. ಆಕಾಶ ಮಾತ್ರ ಬಿಡಿಸುವ ಒಬ್ಬರಿದ್ದಾರೆ, ಎಲ್ಲರೂ ಮೋಡಪ್ಪ ಎನ್ನುತ್ತಾರೆ. ಅವರು "ಮೇಸ್ತ್ರಿ, ನೆಲ ಏನಾದ್ರೂ ಬೆಳೀತಾ ಇದ್ಯಾ?" ಎಂದರು. ಆಗ ಮಗಳು ಬಗ್ಗಿ ನೋಡಿ ನಕ್ಕುಬಿಟ್ಟಳು. "ಅಪ್ಪಾ, ಪ್ರತಿ ಗೋಡೆಗೂ ಒಂಬತ್ತಿಂಚು ಬಿಟ್ಟಿದ್ದೀಯ! ಇದು ಇಟ್ಟಿಗೆ ಮನೆ ಅಲ್ಲ. ಕಾಗದದ ಬಾಗಿಲಿಗೆ ಒಂಬತ್ತಿಂಚು ಗೋಡೆ ಯಾಕೆ?"

ನಲವತ್ತು ವರ್ಷ ಇಟ್ಟಿಗೆ ಇಟ್ಟ ಕೈ. ನನ್ನನ್ನು ಕೇಳದೆಯೇ ಗೋಡೆಗೆ ಜಾಗ ಬಿಟ್ಟಿತ್ತು. ತಪ್ಪು ನನ್ನದೇ. ಆದರೆ ನಾನೇನು ಮಾಡಿದೆ? ಡಬ್ಬ ಕೆಳಗಿಟ್ಟು, "ಹಾಗಾದ್ರೆ ನೀವೇ ಕಟ್ಟಿಕೊಳ್ಳಿ" ಎಂದು ಗೇಟಿನ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತುಬಿಟ್ಟೆ. ಹೌದು, ಸಭಿಕರೇ. ಹತ್ತು ದಿನದಲ್ಲಿ ಒಂದು ದಿನ ಹೋಗುತ್ತಿದೆ, ಹನ್ನೊಂದು ಜನರ ಕೆಲಸ ತೂಗಾಡುತ್ತಿದೆ, ಮೇಸ್ತ್ರಿ ಮುಖ ಊದಿಸಿಕೊಂಡು ಬೀದಿಯಲ್ಲಿ ಕೂತಿದ್ದಾನೆ. ಇವತ್ತು ಆಗುವುದಿಲ್ಲ ಎಂದು ಹೇಳಲು ಬಂದದ್ದಕ್ಕೆ ಕಾರಣ ಇದೇ. ಮೊಣಕಾಲಲ್ಲ. ಮಗಳು ತಪ್ಪು ತೋರಿಸಿದರೆ ಎದ್ದುಹೋಗುವ ಮನುಷ್ಯ ಮಗಳ ಕೈಕೆಳಗೆ ಎಷ್ಟು ದಿನ ದುಡಿದಾನು?

ಅರ್ಧ ಗಂಟೆಗೆ ಅವಳು ಎರಡು ಲೋಟ ಚಹಾ ಹಿಡಿದು ಬಂದಳು. ಪಕ್ಕದಲ್ಲಿ ಕೂತು, "ಒಲೆ ಎಲ್ಲಿಡ್ಬೇಕು ಅಂತ ನಮಗೆ ಯಾರಿಗೂ ಗೊತ್ತಾಗ್ತಿಲ್ಲ" ಎಂದಳು.

ಅದಕ್ಕೆ ಉತ್ತರ ನನ್ನದಲ್ಲ, ನನ್ನಾಕೆಯದು. ಹೊಸ ಮನೆಗೆ ಸುಣ್ಣದ ಗೆರೆ ಹಾಕಿದಾಗ ಕೆಲವು ಹೆಂಗಸರು ನನ್ನೆದುರು ಬಾಯಿ ಬಿಡುತ್ತಿರಲಿಲ್ಲ. ಆಗ ನನ್ನಾಕೆಯನ್ನು ಕರೆದೊಯ್ಯುತ್ತಿದ್ದೆ. ಇವಳು ಗೆರೆಯ ಅಡುಗೆಮನೆಯಲ್ಲಿ ನಿಂತು ಹೇಳುತ್ತಿದ್ದಳು, "ರೀ, ಒಲೆ ಮುಂದೆ ನಿಂತವಳಿಗೆ ಬಾಗಿಲಿಗೆ ಬಂದವರು ಕಾಣ್ಬೇಕು. ಬೆನ್ನ ಹಿಂದೆ ಯಾರೋ ಬಂದ್ರೆ ಎದೆ ಧಸಕ್ ಅನ್ನುತ್ತೆ." ನೂರಾರು ಅಡುಗೆಮನೆ ಅವಳು ಹೇಳಿದಂತೆ ಕಟ್ಟಿದೆ. ನಾವು ಮಾತ್ರ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋದೆವು. ಗಿಡ್ಡ ಹೆಂಗಸು, ನಾಲ್ಕಡಿ ಒಂಬತ್ತಿಂಚು. ಯಾವ ಮನೆಯ ಕಿಟಕಿಯೂ ಅವಳಿಗೆ ಎಟುಕುತ್ತಿರಲಿಲ್ಲ. ಹೊರಗೆ ನೋಡಬೇಕೆಂದರೆ ಮಣೆಯ ಮೇಲೆ ನಿಲ್ಲುತ್ತಿದ್ದಳು. ಬೇರೆಯವರ ಕಿಟಕಿಗಳನ್ನೆಲ್ಲ ಸರಿಮಾಡಿದ ಮನುಷ್ಯ...

ಕ್ಷಮಿಸಿ, ನೀರು ಕುಡಿಯುತ್ತೇನೆ.

ಹಾಂ. ಎದ್ದು ಒಳಗೆ ಬಂದೆವು. ಗೋಡೆಗಳನ್ನು ತೆಳುಮಾಡಿ ಮನೆಯನ್ನು ಮೂವತ್ತಡಿಗೆ ತಂದೆವು. ಗೆರೆಯೊಳಗೆ ನಡೆದು ನೋಡಲು ನಿಮ್ಮ ಲೆಕ್ಕಪತ್ರದ ಗುಮಾಸ್ತರು ಕಥೆಯ ಅಜ್ಜಿಯಾದರು. ಎಂಥ ಅಜ್ಜಿ! ಎದ್ದು ಕೂತು ಮಾಡಿ, ಬಚ್ಚಲು ದೂರವಾಯಿತು ಎಂದು ಜಗಳವಾಡಿ, ಅದನ್ನು ಹತ್ತಿರಕ್ಕೆ ತರಿಸಿದರು. ಮೋಡಪ್ಪ ಹತ್ತು ವರ್ಷದ ಹುಡುಗಿ. ಗಡ್ಡ ಸಮೇತ ಶಾಲೆಯಿಂದ ಓಡಿಬಂದು ಮೂರು ಸಲ ಗೋಡೆಗೆ ಡಿಕ್ಕಿ ಹೊಡೆದರು. ಅಡುಗೆಮನೆಯಿಂದ ಅರ್ಧ ಅಡಿ ಕಿತ್ತು ಓಣಿಯನ್ನು ಅಗಲ ಮಾಡಬೇಕಾಯಿತು. ಮಗಳು ತಾಯಿಯಾಗಿ ಅಡುಗೆಮನೆಯಲ್ಲಿ ನಿಂತಳು. ನಾನು ಟೇಪು ಹಿಡಿದು, ಕಿಟಕಿಯ ಕೆಳಗಿನ ಅಂಚು ಇಲ್ಲಿ ಎಂದು ಒಂದು ಕೋಲು ನಿಲ್ಲಿಸಿ ಗುರುತು ಮಾಡಿದೆ. ಅವಳು ಗುರುತು ನೋಡಿದಳು, ನನ್ನನ್ನು ನೋಡಿದಳು. "ಅಪ್ಪಾ, ಇದು ಅಮ್ಮನ ಎತ್ತರಕ್ಕೆ ಇಟ್ಟ ಕಿಟಕಿ" ಎಂದಳು. ನಾನು ಉದ್ದೇಶಪಟ್ಟು ಮಾಡಿರಲಿಲ್ಲ, ನಂಬಿ. "ತಪ್ಪಾಯ್ತು, ಮೇಲೆ ಮಾಡ್ತೀನಿ" ಎಂದೆ. "ಮುಟ್ಟಬೇಡ" ಎಂದಳು.

ಒಂಬತ್ತನೆಯ ದಿನ ಹೊಸ ಚಿತ್ರಗಳು ಹೋದವು. ಅಲ್ಲಿಂದ ಉತ್ತರ ಬರುವವರೆಗೆ ನನ್ನ ಮಗಳು ಉಗುರು ಕಚ್ಚಿದಳು, ನಾನು ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿದೆ. ಭಾಷಾಂತರದ ಮೇಡಂ ನಮ್ಮ ಮನೆಗೇ ಬಂದು ಓದಿದರು. ಒಂದಕ್ಷರ ಬಿಡದೆ ನನಗೆ ನೆನಪಿದೆ. 'ಈಗ ಈ ಮನೆಯಲ್ಲಿ ಕಣ್ಣು ಮುಚ್ಚಿ ನಡೆಯಬಹುದು. ಅಡುಗೆಮನೆಯ ಕಿಟಕಿ ತುಂಬಾ ಕೆಳಗಿದೆ. ಮೊದಲು ತಪ್ಪು ಎಂದುಕೊಂಡೆವು. ನೋಡುತ್ತ ನೋಡುತ್ತ, ಅಲ್ಲಿ ದಿನವೂ ಯಾರೋ ನಿಲ್ಲುತ್ತಾರೆ ಅನ್ನಿಸಿತು. ಕಿಟಕಿಯನ್ನು ಬದಲಿಸಬೇಡಿ. ಕಥೆಯ ತಾಯಿಯನ್ನೇ ನಾವು ಗಿಡ್ಡ ಮಾಡಿದ್ದೇವೆ.'

ನೋಡಿ ಸಭಿಕರೇ. ನಾವು ಕಂಡಿರದ ದೇಶದಲ್ಲಿ, ಅವಳನ್ನು ಕಂಡಿರದ ಜನ, ನಾಲ್ಕಡಿ ಒಂಬತ್ತಿಂಚಿನ ಹೆಂಗಸೊಬ್ಬಳನ್ನು ಒಂದು ಕಿಟಕಿಯಿಂದ ಅಳೆದು ತೆಗೆದರು. ಜನರಿಲ್ಲದ ಮನೆ ಎಂದು ನಕ್ಕವನು ನಾನು. ಅವತ್ತು ರಾತ್ರಿಯ ಊಟಕ್ಕೆ ಕೂತಾಗ ಮಗಳು, "ಅಪ್ಪಾ, ನೀನು ಬಿಟ್ಟ ಒಂಬತ್ತಿಂಚು ಗೋಡೆ ನೆನೆಸಿಕೊಂಡ್ರೆ ಇವತ್ತಿಗೂ ನಗು ಬರುತ್ತೆ" ಎಂದಳು. ನನಗೂ ನಗು ಬಂತು. ಎದ್ದು ಹೋಗಲಿಲ್ಲ. ಅನ್ನ ತಣ್ಣಗಾಗುವವರೆಗೆ ಮಾತಾಡಿದೆವು.

ಈಗ ನಾನು ಕೊಡಬೇಕಾದ ಉತ್ತರ. ಮುಂದಿನ ಕೆಲಸ ಒಂದು ಸಾರ್ವಜನಿಕ ಸ್ನಾನದ ಮನೆಯಂತೆ. ಗಂಡಸರಿಗೊಂದು ಹೆಂಗಸರಿಗೊಂದು ಬಾಗಿಲು, ನಡುವೆ ಎತ್ತರದ ಗೋಡೆ, ಹಿಂದೆ ಹೊಗೆಕೊಳವೆ. ನಕ್ಷೆಯನ್ನು ಮಗಳು ಮೊನ್ನೆ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು. ಬೇಕೆಂದೇ ಬಿಟ್ಟಿದ್ದಳೋ ಏನೋ. ನೋಡಿದೆ. ನೀರು ಹರಿದುಹೋಗಲು ಎಲ್ಲೂ ಇಳಿಜಾರಿಲ್ಲ. ಆ ಮನೆಯಲ್ಲಿ ನಾಲ್ಕು ಜನ ಸ್ನಾನ ಮಾಡಿದರೆ ಐದನೆಯವನು ಈಜಬೇಕು.

ಆದ್ದರಿಂದ, ಮಾನ್ಯ ಅಧ್ಯಕ್ಷರೇ, ಒಂದು ಸಣ್ಣ ವಿನಂತಿ. ನಾಳೆ ಬೆಳಿಗ್ಗೆ ಎಂಟರಿಂದ ಅಂಗಳದಲ್ಲಿ ಯಾರೂ ಗಾಡಿ ನಿಲ್ಲಿಸಬಾರದೆಂದು ಎಲ್ಲರಿಗೂ ತಿಳಿಸಿಬಿಡಿ. ಈ ಸಲ ನಮಗೆ ಅರವತ್ತಡಿ ಬೇಕು. ನಾನು ಗೆರೆ ಹಾಕುತ್ತೇನೆ, ನನ್ನ ಮಗಳು ತಪ್ಪು ಹುಡುಕುತ್ತಾಳೆ.

ಇಷ್ಟು ಹೊತ್ತು ಆ ಬಗ್ಗಿದ ತೊಲೆಯ ಕೆಳಗೆ ಧೈರ್ಯವಾಗಿ ಕೂತು ಕೇಳಿದ ನಿಮಗೆಲ್ಲ ನನ್ನ ಧನ್ಯವಾದಗಳು. ನಮಸ್ಕಾರ.